ಅಪ್‌ಡೇಟ್: ಕ್ಲಬ್ ಅಧ್ಯಕ್ಷರಾಗೋಕೆ ಏಳು ವರ್ಷ ಬೇಕಾ?

ತುಮಕೂರಿನ ನಮ್ಮ ರೋಟರಿ ಕ್ಲಬ್‌ನಲ್ಲಿ ‘ಏಳು ವರ್ಷ ಆಗದೆ ಅಧ್ಯಕ್ಷ ಸ್ಥಾನ ಕೇಳಂಗಿಲ್ಲ’ ಅಂತ ಹಿರಿಯರೊಬ್ಬರು ಹೇಳಿದ್ದು ನಿಜಾನಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಕಾರ್ಯದರ್ಶಿಗಳ ಬೀರುವಿನಿಂದ ಕ್ಲಬ್ ಸಂವಿಧಾನ ತೆಗೆಸಿ, ಬಿ.ಎಚ್. ರಸ್ತೆಯ ಹೋಟೆಲಲ್ಲಿ ಕಾಫಿ ಆರೋವರೆಗೂ ಓದಿದ್ವಿ. ನಾಮನಿರ್ದೇಶನಕ್ಕೆ ಮುಂಚೆ ಅದೇ ಕ್ಲಬ್‌ನಲ್ಲಿ ಕನಿಷ್ಠ 1 ವರ್ಷ ಸದಸ್ಯರಾಗಿದ್ರೆ ಸಾಕು. ಅದಕ್ಕೂ ಕಮ್ಮಿ ಇದ್ರೆ ಜಿಲ್ಲಾ ಗವರ್ನರ್ (ಹಲವು ಕ್ಲಬ್‌ಗಳು ಸೇರಿದ ರೋಟರಿ ಜಿಲ್ಲೆಯ ಮುಖ್ಯಸ್ಥರು) ಒಪ್ಪಬೇಕು. ಆ 7 ವರ್ಷ ಇರೋದು ಜಿಲ್ಲಾ ಗವರ್ನರ್‌ಗೆ. ಅವರು ಅದಕ್ಕೆ ಮೊದಲು ಕ್ಲಬ್ ಅಧ್ಯಕ್ಷರೂ ಆಗಿರಬೇಕು. ಹಿರಿಯರು ಎರಡನ್ನೂ ಕಲಸಿಬಿಟ್ಟಿದ್ದಾರೆ. (ತೋರಿಸಿದ್ರೆ ‘ನಮ್ಮ ಕಾಲದಲ್ಲಿ ಹಂಗಿತ್ತಪ್ಪಾ’ ಅಂದ್ರು!)

ಆದ್ರೂ ಈ ಸಲ ನಿಲ್ತಿಲ್ಲ. ಆಯ್ಕೆಯಾದವರಿಗೆ ತರಬೇತಿ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್‌ನಲ್ಲೇ. ಬ್ಯಾಂಕ್‌ನವನಿಗೆ ಮಾರ್ಚಲ್ಲಿ ರಜೆ ಯಾರು ಕೊಡ್ತಾರೆ? ಜುಲೈ 1ರಿಂದ ಖಜಾಂಚಿ ಕೆಲಸ ಒಪ್ಕೊಂಡಿದೀನಿ.