ಸಿ ಭಾಷೆಯಲ್ಲಿ ನಮ್ಮದೇ ಎಚ್ಚರಿಕೆಯ ಹಂತ: 8 ಕೊಟ್ಟರೆ ತುರ್ತುಸ್ಥಿತಿ ಏಕೆ?

ಪ್ರಶ್ನೆ: ಶಿರಸಿ ತೋಟ

ಶಿರಸಿ ಹತ್ತಿರದ ನಮ್ಮ ಅಡಿಕೆ ತೋಟದ ಪಂಪ್‌ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ನಾನು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಬಾವಿಯ ನೀರಿನ ಮಟ್ಟವನ್ನೂ ಪಂಪಿನ ಕರೆಂಟನ್ನೂ ನೋಡಿ ಸಿಸ್‌ಲಾಗ್‌ಗೆ, ಅಂದರೆ ಕಂಪ್ಯೂಟರಿನ ಸಂದೇಶಗಳ ದಾಖಲೆಗೆ, ಬರೆಯುತ್ತದೆ. ಸಂದೇಶ ಎಷ್ಟು ಗಂಭೀರ ಎಂದು ಹೇಳುವ ಅಲ್ಲಿನ ಎಂಟು ಹಂತಗಳಲ್ಲಿ ನನಗೆ ಬೇಕಾದದ್ದೇ ಇಲ್ಲ. ಬಾವಿಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಸೊಪ್ಪು ಕಟ್ಟಿಕೊಂಡು ನೀರು ಏರದಿದ್ದರೆ ಅದು ಪ್ರೋಗ್ರಾಂನ ದೋಷವಲ್ಲ, ಬರಿಯ ಎಚ್ಚರಿಕೆಯೂ ಅಲ್ಲ. ಎಪ್ಪತ್ತು ದಾಟಿದ ಅಪ್ಪಯ್ಯ ಬ್ಯಾಟರಿ ಹಿಡಿದು ಧರೆ ಇಳಿದು ಹೋಗಲೇಬೇಕಾದ ಸಂಗತಿ. ಅದಕ್ಕೆಂದೇ ‘ತೋಟಕ್ಕೆ ಹೋಗಿ’ ಎಂಬ ಹಂತ ಮಾಡಿ, 7ರ ಮುಂದಿನ 8 ಕೊಟ್ಟೆ. ಈಗ ಆ ಸಂದೇಶ ಬಂದಾಗಲೆಲ್ಲ ತೆರೆದಿರುವ ಟರ್ಮಿನಲ್‌ಗಳ ಮೇಲೆಲ್ಲ ತುರ್ತುಸ್ಥಿತಿ ಎಂದು ಬೀಳುತ್ತಿದೆ. ಕಂಪೈಲರ್ ಚಕಾರ ಎತ್ತಲಿಲ್ಲ.

ಉತ್ತರ: ಕಾರವಾರ ಕಡಲು

ಸಿಸ್‌ಲಾಗ್‌ಗೆ ಕೊಡುವ ಸಂಖ್ಯೆಯಲ್ಲಿ ಹಂತಕ್ಕೆ ಮೀಸಲಾದದ್ದು ಕೆಳಗಿನ ಮೂರು ಬಿಟ್ (ದ್ವಿಮಾನದ ಅಂಕಿ) ಮಾತ್ರ: 0ಯಿಂದ 7. ಅದರ ಮೇಲಿನ ಬಿಟ್‌ಗಳು ಫೆಸಿಲಿಟಿ, ಅಂದರೆ ಸಂದೇಶ ಎಲ್ಲಿಂದ ಬಂತು ಎಂಬುದು. ನಿಮ್ಮ 8ನ್ನು ಬಿಡಿಸಿದರೆ ಫೆಸಿಲಿಟಿ 1, ಹಂತ 0. ಅಲ್ಲಿ ಸಂಖ್ಯೆ ಇಳಿದಷ್ಟೂ ಗಂಭೀರತೆ ಏರುವುದರಿಂದ 0 ಎಂದರೆ ಎಮರ್ಜೆನ್ಸಿ. ಕಂಪೈಲರ್‌ಗೆ ಅದು ಬರಿಯ ಇಂಟ್, ಅಂದರೆ ಪೂರ್ಣಾಂಕ, ತಕರಾರು ಎತ್ತಲು ಕಾರಣವಿಲ್ಲ.

ಒಂಬತ್ತನೆಯ ಹಂತಕ್ಕೆ ಅಲ್ಲಿ ಜಾಗವೇ ಇಲ್ಲ. ನಿಮ್ಮ ಹಂತಗಳನ್ನು ಬೇರೆ ಈನಮ್‌ನಲ್ಲಿ (ಹೆಸರಿಟ್ಟ ಸಂಖ್ಯೆಗಳ ಪಟ್ಟಿಯಲ್ಲಿ) ಇಡಿ: ಮಾಹಿತಿ 10, ಎಚ್ಚರಿಕೆ 20, ತೋಟ 30, ದೋಷ 40. ನಡುವೆ ಜಾಗ ಬಿಟ್ಟಿರಿ, ನಾಳೆ ಇನ್ನೊಂದು ಸೇರಿಸಬೇಕಾದೀತು. ಸಿಸ್‌ಲಾಗ್‌ಗೆ ಕಳಿಸುವ ಒಂದೇ ಫಂಕ್ಷನ್‌ನೊಳಗೆ ಸ್ವಿಚ್ ಬರೆದು, ತೋಟವನ್ನು ಎರರ್ ಹಂತಕ್ಕೆ, ಅಂದರೆ 3ಕ್ಕೆ, ಹೊಂದಿಸಿ. ಸಂದೇಶದ ಮೊದಲಿಗೆ ‘ತೋಟ:’ ಎಂಬ ಪದವನ್ನು ಸೇರಿಸಿದರೆ ಗ್ರೆಪ್ ಎಂಬ ಹುಡುಕುವ ಆಜ್ಞೆಯಿಂದ ಹುಡುಕಬಹುದು. ನಿಮ್ಮ ಸಂಖ್ಯೆಗಳು ಏರುತ್ತವೆ, ಸಿಸ್‌ಲಾಗ್‌ನವು ಇಳಿಯುತ್ತವೆ. ಹೋಲಿಸುವಾಗ ಎರಡನ್ನೂ ಬೆರೆಸಲೇಬೇಡಿ. ನಾನು ಹಾಗೆ ಬೆರೆಸಿ ಎರಡು ದಿನ ಕಳೆದಿದ್ದೇನೆ.

ಉತ್ತರ: ಕುಮಟಾ

ಸಿ ಭಾಷೆಯ ಜಿಲಿಬ್ ಎಂಬ ಲೈಬ್ರರಿ ಬಳಸುವವರಿಗೆ ಈ ತೊಡಕಿಲ್ಲ. ಅಲ್ಲಿ ಮೊದಲ ಎಂಟು ಬಿಟ್ ಲೈಬ್ರರಿಯದು, 1ನ್ನು ಎಂಟು ಸ್ಥಾನ ಎಡಕ್ಕೆ ಸರಿಸಿದ 256ರಿಂದ ನಮ್ಮ ಹಂತಗಳು. ಆದರೆ ಒಂದು ಪಂಪಿಗಾಗಿ ಅಷ್ಟು ದೊಡ್ಡ ಲೈಬ್ರರಿ ತರಲು ನಾನು ಹೇಳುವುದಿಲ್ಲ.

ಮತ್ತೆ: ಶಿರಸಿ ತೋಟ

ನಿನ್ನೆ ಸಂಜೆ ಫುಟ್‌ವಾಲ್ವ್‌ಗೆ ಗೋಣಿ ಸುತ್ತಿ ಪರೀಕ್ಷಿಸಿದೆ, ಸಂದೇಶ ಸರಿಯಾಗಿ ಬಂತು. ಒಂದನ್ನು ಮಾತ್ರ ಬದಲಿಸಿದೆ: ತೋಟಕ್ಕೆ 30ರ ಬದಲು 45 ಕೊಟ್ಟು, ದೋಷಕ್ಕಿಂತ ಮೇಲಿಟ್ಟು, ಸಿಸ್‌ಲಾಗ್‌ನ ಕ್ರಿಟಿಕಲ್‌ಗೆ, ಅಂದರೆ 2ಕ್ಕೆ, ಹೊಂದಿಸಿದೆ. ಪ್ರೋಗ್ರಾಂ ಕೆಟ್ಟರೆ ಬೆಳಿಗ್ಗೆ ನೋಡಬಹುದು. ನೀರಿಲ್ಲದೆ ಪಂಪ್ ಓಡಿದರೆ ಬೆಳಗಾಗುವಷ್ಟರಲ್ಲಿ ಮೋಟರ್ ಸುಟ್ಟಿರುತ್ತದೆ.