ಕುಡಿತ ಬಿಟ್ಟು 7 ತಿಂಗಳಾಯಿತು, ಈಗ ಹಳ್ಳಿಗೆ ಹೊರಟಿದ್ದೇನೆ, ಅಲ್ಲಿ ಮೀಟಿಂಗ್ ಸಿಗುತ್ತದಾ?

ಮಾಗಡಿ ಸೀಮೆಯವ:
ಬೆಂಗಳೂರಿನಲ್ಲಿ ವಾರಕ್ಕೆ ಮೂರು ಸಲ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಸೇರಿ ಮಾತಾಡುವ ಗುಂಪು) ಮೀಟಿಂಗ್‌ಗೆ ಹೋಗುತ್ತೇನೆ, 7 ತಿಂಗಳಿಂದ ಒಂದು ತೊಟ್ಟೂ ಮುಟ್ಟಿಲ್ಲ. ಈಗ ಅವ್ವ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ನೋಡಿಕೊಳ್ಳುವವರು ಯಾರೂ ಇಲ್ಲ, ಹಾಗಾಗಿ ಮುಂದಿನ ವಾರ ಮಾಗಡಿ ಕಡೆಯ ನಮ್ಮ ಹಳ್ಳಿಗೆ ಹೋಗುತ್ತಿದ್ದೇನೆ, ಒಂದು ವರ್ಷವಾದರೂ ಅಲ್ಲೇ. ಇಲ್ಲಿ ಮೀಟಿಂಗ್‌ನಲ್ಲಿ ನನ್ನ ಹೆಸರು ಬಿಟ್ಟರೆ ಯಾರಿಗೂ ಏನೂ ಗೊತ್ತಿಲ್ಲ, ಊರಿನಲ್ಲಿ ಹಾಗಲ್ಲ. ಹಳೇ ಗೆಳೆಯರು ಬಸ್ ಸ್ಟ್ಯಾಂಡಿನಲ್ಲೇ ಸಿಗುತ್ತಾರೆ. ಹಬ್ಬ, ಬಾಡೂಟ, ತಿಥಿ, ಎಲ್ಲಕ್ಕೂ ಎಣ್ಣೆ ಇರಲೇಬೇಕು. ನಿಜ ಹೇಳುತ್ತೇನೆ, ಭಯವಾಗುತ್ತಿದೆ.

ಕೋಲಾರದಣ್ಣ:
ತಮ್ಮಾ, ನಾನು ಬಿಟ್ಟು 11 ವರ್ಷ. ಮೊದಲು ಒಂದು ಕೆಲಸ ಮಾಡು. ಊರಿಗೆ ಹೋಗುವ ಮೊದಲೇ ನಿನ್ನ ಗುಂಪಿನ ನಾಲ್ಕೈದು ಜನರ ನಂಬರ್ ತಗೋ. ಬೇಕು ಅನಿಸಿದ ಕ್ಷಣ ಫೋನ್ ಮಾಡಬೇಕು, ಕುಡಿದ ಮೇಲಲ್ಲ. ಮೊಬೈಲ್‌ನಲ್ಲಿ ಝೂಮ್ ಮೀಟಿಂಗ್ ಕೂಡ ನಡೆಯುತ್ತವೆ, ಹೊಲದಲ್ಲಿ ಕೂತೇ ಸೇರಬಹುದು. ಎಎ ಹುಟ್ಟಿದ್ದೇ ನಿನ್ನಂಥ ಸ್ಥಿತಿಯಲ್ಲಿ. 1935ರಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಅನ್ನುವವರು ಕೆಲಸದ ಮೇಲೆ ಅಮೆರಿಕದ ಆಕ್ರನ್ ಅನ್ನುವ ಊರಿಗೆ ಹೋಗಿದ್ದರು, ಗುರುತಿನವರು ಯಾರೂ ಇಲ್ಲ, ಹೋಟೆಲಿನಲ್ಲೇ ಬಾರ್, ಕುಡಿಯಬೇಕು ಅಂತ ಜೀವ ಎಳೆಯುತ್ತಿತ್ತು. ಬಾರಿಗೆ ಹೋಗದೆ, ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ಫೋನ್ ಮಾಡುತ್ತಾ ಹೋದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್, ಅವರೂ ಕುಡಿತ ಬಿಡಲಾಗದೆ ಒದ್ದಾಡುತ್ತಿದ್ದವರು. ಆ ಇಬ್ಬರಿಂದಲೇ ಎಎ ಶುರುವಾಯಿತು. ಮೀಟಿಂಗ್‌ಗೆ ಇಬ್ಬರಿದ್ದರೆ ಸಾಕು, ಅಲ್ವಾ?

ಸುಮಕ್ಕ:
ನಮ್ಮದು ತುಮಕೂರು ಕಡೆ ಹಳ್ಳಿ, ನಮ್ಮ ಯಜಮಾನರು ಬಿಟ್ಟಿದ್ದು ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಲ್ಲಿ. 8 ದಿನ ಅಲ್ಲೇ ಇರಬೇಕು. ನೀವು ಆಗಲೇ ಬಿಟ್ಟಿದ್ದೀರಿ, ಶಿಬಿರ ಬೇಡ. ಆದರೆ ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಮಾಡಿಕೊಂಡು ಸೇರುತ್ತಾರೆ, ನಿಮ್ಮ ಕಡೆ ಇದೆಯಾ ಅಂತ ಊರಿನ ಧರ್ಮಸ್ಥಳ ಸಂಘದ ಹೆಂಗಸರನ್ನು ಕೇಳಿ. ಗುಟ್ಟಾಗಿಡಬೇಕು ಅನ್ನುವ ಚಿಂತೆ ಜಾಸ್ತಿ ಬೇಡ ಅಣ್ಣಾ. ನೀವು ಕುಡಿಯುತ್ತಿದ್ದುದು ಊರಿಗೇ ಗೊತ್ತಿತ್ತು, ಬಿಟ್ಟದ್ದೂ ಗೊತ್ತಾಗಲಿ. ನಮ್ಮವರಿಗೆ ಒಂದು ವರ್ಷ ಆದ ಮೇಲೆ ಯಾರೂ ಗ್ಲಾಸ್ ಮುಂದಿಡಲಿಲ್ಲ.

ಆಸ್ಪತ್ರೆ ಸಿಸ್ಟರ್:
ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮಾನಸಿಕ ವೈದ್ಯರು ಬರುತ್ತಾರೆ, ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ. ಮೊದಲೇ ವಿಚಾರಿಸಿಕೊಂಡು ಹೋಗಿ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಛಲಕ್ಕೆ ಬಿದ್ದು ಮನೆಯಲ್ಲೇ ಒಂದೇ ಸಲ ನಿಲ್ಲಿಸಬೇಡಿ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆ ಬರಬಹುದು, ಜೀವವೇ ಹೋಗಬಹುದು. ಡಾಕ್ಟರ ಹತ್ತಿರ ಹೋಗಿ, ಮಾತ್ರೆ ತಗೊಂಡು ನಿಲ್ಲಿಸಿ.

ಮಾಗಡಿ ಸೀಮೆಯವ:
ಎಲ್ಲರಿಗೂ ಕೈ ಮುಗಿಯುತ್ತೇನೆ. ಕೋಲಾರದಣ್ಣ ಇಬ್ಬರು ಸಾಕು ಅಂದಾಗ ಒಬ್ಬ ನೆನಪಾದ. ನಮ್ಮ ಹಿಂದಿನ ಬೀದಿಯವನು, ನನ್ನ ಜೊತೆ ಓದಿದವನು, ಬಿಡಬೇಕು ಅಂತ ಒದ್ದಾಡುತ್ತಿದ್ದಾನೆ ಅಂತ ಅವ್ವ ಹೇಳಿದ್ದಳು. ನಾಳೆ ಬೆಳಗ್ಗೆ ಅವನಿಗೆ ಫೋನ್ ಮಾಡುತ್ತೇನೆ, ಮಂಗಳವಾರ ಆಸ್ಪತ್ರೆಗೆ ಜೊತೆಗೆ ಹೋಗೋಣ ಅಂತ ಕೇಳುತ್ತೇನೆ.