ಹಳೆಯ ಮ್ಯಾಕ್ರೋ ಲೆನ್ಸು ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ ಪ್ರಶ್ನೆ:

ನಮಸ್ಕಾರ. ನನ್ನ ಹತ್ತಿರ 24 ಮೆಗಾಪಿಕ್ಸೆಲಿನ ಒಂದು ಎಪಿಎಸ್-ಸಿ ಕ್ಯಾಮರಾ ಉಂಟು, ಅಂದರೆ ಒಳಗೆ ಚಿತ್ರ ಹಿಡಿಯುವ ಸೆನ್ಸರು 23-24 ಮಿಲಿಮೀಟರ್ ಅಗಲದ್ದು. ಅದರ ಜೊತೆಗೆ ಬಂದ 18-55 ಬಿಟ್ಟರೆ ಬೇರೆ ಲೆನ್ಸು ಇಲ್ಲ. ಈಗ ಪರಿಚಯದವರೊಬ್ಬರು ತಮ್ಮ ಹಳೆಯ 100 ಮಿಲಿಮೀಟರ್ ಮ್ಯಾಕ್ರೋ (ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸು) ಕೊಡುತ್ತೇನೆ ಅನ್ನುತ್ತಿದ್ದಾರೆ, ಹೊಸದರ ಅರ್ಧ ಬೆಲೆಗೆ. ಆದಿತ್ಯವಾರದವರೆಗೆ ಇಟ್ಟುಕೊಂಡು ನೋಡಿ, ಬೇಡದಿದ್ದರೆ ವಾಪಸ್ ಕೊಡಿ ಅಂದಿದ್ದಾರೆ. ನನಗೆ ಬೇಕಾದದ್ದು ಎರಡು ಕೆಲಸಕ್ಕೆ. ಒಂದು, ತೋಟದ ಹುಳ, ಜೇಡ, ಅಡಿಕೆಯ ಹಿಂಗಾರ. ಇನ್ನೊಂದು, ಅಟ್ಟದಲ್ಲಿ ಅಜ್ಜನ ಕಾಲದ ಓಲೆಗರಿಯ ಕಟ್ಟು ಉಂಟು, ತುಳು ಲಿಪಿಯದ್ದು. ಅದು ಪುಡಿಯಾಗುವ ಮೊದಲು ಫೋಟೋ ತೆಗೆದಿಡಬೇಕು. ನಿನ್ನೆ ಸುಮ್ನೆ ದಿನಪತ್ರಿಕೆಯ ಒಂದು ಮೂಲೆ ತೆಗೆದು ನೋಡಿದೆ. ಅಕ್ಷರದ ಅಂಚೆಲ್ಲ ಮಸುಕು. ಲೆನ್ಸು ಹಾಳೋ ನನ್ನ ಕೈ ಹಾಳೋ ಗೊತ್ತಾಗುತ್ತಿಲ್ಲ.

ಕುಂಬಳೆಯಿಂದ:

ಮೊದಲು ಆ ಪೇಪರನ್ನು ಬದಿಗಿಡಿ ಮಾರಾಯ್ರೆ. ಶುರುವಿನಲ್ಲಿ ನಾನೂ ಅದೇ ಮಾಡಿದ್ದೆ. ಪತ್ರಿಕೆಯ ಕಾಗದದಲ್ಲಿ ಶಾಯಿ ಹರಡಿರುತ್ತದೆ, ಅಕ್ಷರದ ಅಂಚು ಇರುವುದೇ ಹಾಗೆ. ಲೆನ್ಸು ಒಳ್ಳೆಯದಿದ್ದಷ್ಟೂ ಆ ಮಸುಕು ಚೆನ್ನಾಗಿ ಕಾಣುತ್ತದೆ! ಮನೆಯ ಪ್ರಿಂಟರಿನ ಹಾಳೆಯೂ ಅಷ್ಟೇ.

ಒಂದು ಹೊಸ ಹತ್ತು ರೂಪಾಯಿ ನೋಟು ತಗೊಳ್ಳಿ, 2018ರಲ್ಲಿ ಬಂದ ಚಾಕಲೇಟ್ ಬಣ್ಣದ್ದು. ಗರಿಗರಿ ಇರಬೇಕು, ಮೀನು ಮಾರ್ಕೆಟಿಗೆ ಹೋಗಿ ಬಂದದ್ದು ಆಗುವುದಿಲ್ಲ. ಅದರ ಮುಂಬದಿಯಲ್ಲಿ ಆರ್‌ಬಿಐ, ಭಾರತ್, ಇಂಡಿಯಾ, 10 ಅಂತ ಬರಿಗಣ್ಣಿಗೆ ಗೆರೆಯ ಹಾಗೆ ಕಾಣುವ ಸಣ್ಣ ಅಕ್ಷರಗಳಿವೆ. ಅವು ಬಿಡಿಬಿಡಿಯಾಗಿ ಓದಲು ಬಂದರೆ ನಿಮ್ಮ ಲೆನ್ಸಿನ ನಡುಭಾಗ ಸರಿ ಉಂಟು ಅಂತ ಲೆಕ್ಕ. ಹಿಂಬದಿಯಲ್ಲಿ 15 ಭಾಷೆಗಳ ಪಟ್ಟಿ ಉಂಟಲ್ವಾ, ನಾಲ್ಕನೆಯ ಸಾಲು ಕನ್ನಡ, ಏಳನೆಯದು ಮಲಯಾಳ. ನಮ್ಮ ಕಡೆಯವರಿಗೆ ಎರಡೂ ಓದಲು ಬರುತ್ತದೆ. ಕನ್ನಡದ ಸಾಲಿಗೆ ಫೋಕಸ್ ಮಾಡಿ, ಕೆಳಗಿನ ಮಲಯಾಳದ ಸಾಲು ಅಷ್ಟೇ ಚೂಪಾಗಿ ಬಂದಿದೆಯಾ ನೋಡಿ. ಬಂದಿಲ್ಲ ಅಂದರೆ ಕೂಡಲೇ ಲೆನ್ಸಿಗೆ ಬೈಯಬೇಡಿ. ಹತ್ತರಲ್ಲಿ ಒಂಬತ್ತು ಸಲ ಕ್ಯಾಮರಾ ಓರೆಯಾಗಿರುತ್ತದೆ.

ಯಾಕೆಂದರೆ 1:1ರಲ್ಲಿ, ಅಂದರೆ ವಸ್ತು ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಾಗ, ಎಫ್/8 (ಇದು ಲೆನ್ಸಿನೊಳಗೆ ಬೆಳಕು ಬಿಡುವ ತೂತಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ತೂತು ಸಣ್ಣದು) ಇಟ್ಟರೂ ಫೋಕಸಿನಲ್ಲಿ ಉಳಿಯುವುದು ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ ಆಳ ಅಷ್ಟೇ. ಎಫ್/2.8ರಲ್ಲಿ ಅದರ ಮೂರನೆಯ ಒಂದು ಪಾಲು. ನೋಟಿನ ಮಡಿಕೆ ಸಾಕು, ಫೋಕಸ್ ತಪ್ಪಲು. ಕ್ಯಾಮರಾ ನೆಟ್ಟಗೆ ನಿಲ್ಲಿಸಲು ಒಂದು ಉಪಾಯ ಹೇಳುತ್ತೇನೆ. ನೋಟು ಇಡುವ ಜಾಗದಲ್ಲಿ ಮೊದಲು ಒಂದು ಸಣ್ಣ ಕನ್ನಡಿ ಮಲಗಿಸಿ, ಗೋಡೆಯದ್ದಾದರೂ ಸೈ, ಮೇಕಪ್ ಡಬ್ಬದ್ದಾದರೂ ಸೈ. ಸ್ಕ್ರೀನಿನಲ್ಲಿ ನೋಡುತ್ತಾ ಲೆನ್ಸಿನ ಪ್ರತಿಬಿಂಬಕ್ಕೆ ಫೋಕಸ್ ಮಾಡಿ. ಪ್ರತಿಬಿಂಬದ ನಡು ಭಾಗ ಫ್ರೇಮಿನ ನಡುವಿಗೇ ಬರುವವರೆಗೆ ಟ್ರೈಪಾಡಿನ ತಲೆ ಸರಿಮಾಡಿ. ಬಂತು ಅಂದರೆ ಕ್ಯಾಮರಾ ಮತ್ತು ಮೇಜು ಸಮ ಆಯ್ತು. ಆಮೇಲೆ ಕನ್ನಡಿ ತೆಗೆದು ನೋಟು ಇಡಿ, ಮೇಲಿಂದ ನಾಲ್ಕು ಬದಿಗೂ ಏನಾದರೂ ಭಾರ ಇಡಿ. ಲೈವ್ ವ್ಯೂನಲ್ಲಿ ಪೂರ್ತಿ ಜೂಮ್ ಮಾಡಿ ಕೈಯಿಂದ ಫೋಕಸ್ ಮಾಡಿ, ಸ್ಟೆಬಿಲೈಸೇಶನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಡಿ. ಫ್ಯಾನ್ ಕೂಡ ಆಫ್! ನಾನು ಒಂದು ಇಡೀ ಸಂಜೆ ಮಾಳಿಗೆಯ ಹಲಗೆ ನೆಲದ ಮೇಲೆ ಟ್ರೈಪಾಡ್ ಇಟ್ಟು, ಮೇಲೆ ಫ್ಯಾನ್ ತಿರುಗಿಸಿಕೊಂಡು, ಲೆನ್ಸು ಸರಿ ಇಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ಕೆಳಗೆ ಸಿಮೆಂಟ್ ನೆಲಕ್ಕೆ ಬಂದ ಕೂಡಲೇ ಎಲ್ಲ ಸರಿಯಾಯ್ತು.

ಈಗ ಒಂದೇ ಫೋಟೋವನ್ನು ಎಫ್/2.8ರಿಂದ ಎಫ್/22ರವರೆಗೆ ಒಂದೊಂದಾಗಿ ತೆಗೆಯಿರಿ. ಕೊನೆಯವು ಮೆದುವಾಗುತ್ತವೆ, ಅದು ಲೆನ್ಸಿನ ದೋಷ ಅಲ್ಲ. 1:1ಕ್ಕೆ ಹೋದಾಗ ನೀವು ಇಟ್ಟ ಎಫ್ ಸಂಖ್ಯೆ ನಿಜವಾಗಿ ಎರಡರಷ್ಟಾಗುತ್ತದೆ, ಎಫ್/8 ಇಟ್ಟರೆ ಎಫ್/16ರ ಹಾಗೆ ಕೆಲಸ ಮಾಡುತ್ತದೆ, ಎಫ್/22 ಅಂದರೆ ಎಫ್/44. ಅಷ್ಟು ಸಣ್ಣ ತೂತಿನಲ್ಲಿ ಬೆಳಕು ಹರಡುತ್ತದೆ, ಯಾವ ದುಬಾರಿ ಲೆನ್ಸಾದರೂ ಅಷ್ಟೇ. ನಿಕಾನ್ ಕ್ಯಾಮರಾಗಳು ತಮ್ಮದೇ ಮ್ಯಾಕ್ರೋ ಲೆನ್ಸು ಹಾಕಿದಾಗ ಆ ನಿಜವಾದ ಸಂಖ್ಯೆಯನ್ನೇ ತೋರಿಸುತ್ತವೆ. ಕ್ಯಾನನ್ ಹಾಗೆ ತೋರಿಸುವುದಿಲ್ಲ. ಇದು ಗೊತ್ತಿಲ್ಲದೆ ಒಂದರ ಪಕ್ಕ ಒಂದು ಇಟ್ಟು ಹೋಲಿಸಿ ಜಗಳ ಮಾಡಿದವರನ್ನು ನಾನು ನೋಡಿದ್ದೇನೆ. ನನ್ನ ಕೆಲಸ ಎಲ್ಲ ಎಫ್/5.6 ಮತ್ತು ಎಫ್/11ರ ನಡುವೆಯೇ ಮುಗಿಯುತ್ತದೆ.

ಇನ್ನು 1:1 ನಿಜವಾಗಿ ಬರುತ್ತದಾ ಅಂತ ನೋಡಲು ಸ್ಟೀಲ್ ಸ್ಕೇಲ್ ಸಾಕು. ಅತಿ ಹತ್ತಿರಕ್ಕೆ ಹೋದಾಗ ಫ್ರೇಮಿನ ಅಗಲಕ್ಕೆ 23 ಅಥವಾ 24 ಮಿಲಿಮೀಟರ್ ತುಂಬಬೇಕು. ಮೈಮೇಲೆ ಮ್ಯಾಕ್ರೋ ಅಂತ ಬರೆದಿದ್ದೂ 1:4 ದಾಟದ ಹಳೆಯ ಜೂಮ್‌ಗಳು ಬೇಕಾದಷ್ಟಿವೆ. ಅದೇ ಸ್ಕೇಲನ್ನು 45 ಡಿಗ್ರಿ ಓರೆ ನಿಲ್ಲಿಸಿ ಎಫ್/2.8ರಲ್ಲಿ ಇನ್ನೊಂದು ತೆಗೆಯಿರಿ. ಫೋಕಸಿಗಿಂತ ಮುಂದಿನ ಗೆರೆಗಳಿಗೆ ನೇರಳೆ, ಹಿಂದಿನವಕ್ಕೆ ಹಸಿರು ಅಂಚು ಬಂದರೆ ಎಷ್ಟು ಬಂತು ನೋಡಿಟ್ಟುಕೊಳ್ಳಿ. ಸ್ವಲ್ಪ ಇದ್ದೇ ಇರುತ್ತದೆ. ತುಂಬಾ ಇದ್ದರೆ ಮಳೆಹನಿ, ಜೇಡರ ಬಲೆ ತೆಗೆಯುವಾಗ ಕಿರಿಕಿರಿ.

ಮಂಜೇಶ್ವರದಿಂದ:

ಇಷ್ಟೆಲ್ಲ ಮಾಡುವ ಮೊದಲು ಟಾರ್ಚ್ ಹಾಕಿ ನೋಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ಲೆನ್ಸು ಬಿಡುತ್ತದಾ? ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಿ. ಚುಕ್ಕಿ ಚುಕ್ಕಿ ಇದ್ದರೆ ಧೂಳು, ಅದಕ್ಕೆ ಹೆದರಬೇಡಿ, ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ಜೇಡರ ಬಲೆಯ ಹಾಗೆ ಎಳೆ ಎಳೆ ಕವಲು ಹೊಡೆದಿದ್ದರೆ ಅದು ಬೂಸ್ಟು. ನಾನು ಹಾಗೆ ನೋಡದೆ ಒಂದು ತಗೊಂಡು ಮೋಸ ಹೋದೆ. ಫೋಟೋ ಚೂಪಾಗಿಯೇ ಬರುತ್ತಿತ್ತು, ಆದರೆ ಬೆಳಕಿಗೆ ಎದುರು ಹಿಡಿದರೆ ಎಲ್ಲ ಹಾಲು ಹಾಕಿದ ಹಾಗೆ. ಕ್ಲೀನ್ ಮಾಡಿಸಿದ ಮೇಲೂ ಒಳಗಿನ ಕೋಟಿಂಗಿನಲ್ಲಿ ಕಲೆ ಉಳಿಯಿತು.

ತಗೊಂಡ ಮೇಲೆ ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್. ಮೀಟರ್ ಶೇಕಡಾ 40 ಮತ್ತು 50ರ ನಡುವೆ ಇದ್ದರೆ ಸಾಕು. ಅಕ್ಕಿ ಡಬ್ಬದಲ್ಲಿಡಿ ಅಂತ ಯಾರಾದರೂ ಹೇಳಿದರೆ ನಗಾಡಿ ಸುಮ್ಮನಾಗಿ.

ಪೆರ್ಲದಿಂದ:

ಕುಂಬಳೆ ಅಣ್ಣ ಹೇಳಿದ್ದು ಸರಿ, ಆದರೆ ನೋಟಿನಲ್ಲಿ ಗೆದ್ದ ಲೆನ್ಸು ತೋಟದಲ್ಲಿ ಸೋಲಬಹುದು. ಹುಳಕ್ಕೆ ಮೂಲೆ ಚೂಪಾಗಿದ್ದರೆಷ್ಟು, ಬಿಟ್ಟರೆಷ್ಟು? ಕಣ್ಣು ಚೂಪಾಗಿ ಬಂದರೆ ಆಯ್ತು. ಅಲ್ಲಿ ಮುಖ್ಯ ಆಗುವುದು ಲೆನ್ಸಿನ ಮೂತಿಗೂ ಹುಳಕ್ಕೂ ನಡುವೆ ಎಷ್ಟು ಜಾಗ ಸಿಗುತ್ತದೆ ಅಂತ. ಲೆನ್ಸಿನ ಪುಸ್ತಕದಲ್ಲಿ ಅತಿ ಹತ್ತಿರದ ದೂರ 30 ಸೆಂಟಿಮೀಟರ್ ಅಂತ ಬರೆದಿದ್ದರೆ ಅದು ಸೆನ್ಸರಿನಿಂದ ಅಳೆದದ್ದು. ಅದರಲ್ಲಿ ಕ್ಯಾಮರಾ, ಲೆನ್ಸು ಎಲ್ಲ ಕಳೆದು 100 ಮಿಲಿಮೀಟರಿನದ್ದಕ್ಕೆ ಉಳಿಯುವುದು ಹೆಚ್ಚು ಕಡಿಮೆ ಒಂದು ಗೇಣಿಗಿಂತಲೂ ಕಡಿಮೆ. 40 ಮಿಲಿಮೀಟರಿನ ಮ್ಯಾಕ್ರೋಗಳಲ್ಲಿ ಮೂರು-ನಾಲ್ಕು ಸೆಂಟಿಮೀಟರ್ ಮಾತ್ರ, ಅಷ್ಟು ಹತ್ತಿರ ಹೋದರೆ ಚಿಟ್ಟೆ ಹಾರುತ್ತದೆ, ಕೆಂಜಿರುವೆ ಕಚ್ಚುತ್ತದೆ. ಹಾಗಾಗಿ 100 ಸಿಗುವುದಿದ್ದರೆ ಬಿಡಬೇಡಿ ಅಂತಲೇ ನಾನು ಹೇಳುವುದು.

ಕೆಂಜಿರುವೆಯೇ ಒಳ್ಳೆಯ ಪರೀಕ್ಷೆ. ದೊಡ್ಡದು ಒಂದು ಸೆಂಟಿಮೀಟರಿನ ಹತ್ತಿರ ಇರುತ್ತದೆ, ಮೈಮೇಲೆ ಸಣ್ಣ ರೋಮ, ಕಣ್ಣಿನಲ್ಲಿ ಕಾಳು ಕಾಳು. ಬೆಳಗ್ಗೆ ಬೇಗ ತಂಪು ಹೊತ್ತಿನಲ್ಲಿ ಸ್ವಲ್ಪ ನಿಧಾನ ಇರುತ್ತವೆ. ಫ್ಲಾಶ್ ಬೇಕೇ ಬೇಕು, ಮುಂದೆ ಒಂದು ಬಿಳಿ ಕಾಗದ ಬಾಗಿಸಿ ಕಟ್ಟಿ. ಕಣ್ಣಿನ ಕಾಳು ಬಿಡಿಯಾಗಿ ಕಂಡರೆ ಲೆನ್ಸು ಪಾಸ್. ಇರುವೆ ಬೇಡದಿದ್ದರೆ ಅಡಕತ್ತರಿಯಲ್ಲಿ ಒಂದು ಒಣ ಅಡಿಕೆ ಹೋಳು ಮಾಡಿ, ಬಿಳಿಯಲ್ಲಿ ಕಂದು ಗೆರೆ ಓಡಾಡುತ್ತದಲ್ವಾ, ಆ ಅಂಚಿನಲ್ಲಿ ಬಣ್ಣ ಸೋರುತ್ತದಾ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ತಾಂಬೂಲಕ್ಕೂ ಆಯ್ತು.

ಒಂದು ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ತೆಂಗಿನ ನುಸಿ ತೆಗೆಯುತ್ತೇನೆ ಅಂತ ನಾನು ಕಾಯಿಯ ತೊಟ್ಟು ಬಿಡಿಸಿ ಒಂದು ವಾರ ಒದ್ದಾಡಿದ್ದೇನೆ. ಆ ನುಸಿಯ ಉದ್ದ ಕಾಲು ಮಿಲಿಮೀಟರ್ ಇದ್ದರೆ ಹೆಚ್ಚು. ನಿಮ್ಮ ಕ್ಯಾಮರಾದಲ್ಲಿ 1:1ರಲ್ಲಿ ಒಂದು ಮಿಲಿಮೀಟರಿಗೆ ಸುಮಾರು 255 ಪಿಕ್ಸೆಲ್, ಅಂದರೆ ನುಸಿಗೆ ಸಿಗುವುದು 60 ಚಿಲ್ಲರೆ ಪಿಕ್ಸೆಲ್ ಉದ್ದ, ಹತ್ತು-ಹನ್ನೆರಡು ಪಿಕ್ಸೆಲ್ ದಪ್ಪ. ಒಂದು ಬಿಳಿ ನೂಲಿನ ತುಂಡು ಕಾಣುತ್ತದೆ ಅಷ್ಟೇ. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ದುಡ್ಡು ಕಡಿಮೆ ಇರುವವರು 50 ಮಿಲಿಮೀಟರ್ ಲೆನ್ಸಿಗೆ ಎಕ್ಸ್‌ಟೆನ್ಶನ್ ಟ್ಯೂಬು (ಕ್ಯಾಮರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಗಾಜಿಲ್ಲದ ಬಳೆ) ಹಾಕಿ ನೋಡಿ. 12, 20, 36 ಮಿಲಿಮೀಟರಿನ ಮೂರೂ ಸೇರಿಸಿದರೆ 68 ಆಯ್ತು, 68ನ್ನು 50ರಿಂದ ಭಾಗಿಸಿ, 1:1ಕ್ಕಿಂತ ಮುಂದೆಯೇ ಹೋಗುತ್ತದೆ. ಮೂಲೆಗಳು ಕಲಸಿಹೋಗುತ್ತವೆ, ಹುಳಕ್ಕೆ ತೊಂದರೆ ಇಲ್ಲ.

ಕಾಸರಗೋಡು ಪೇಟೆಯಿಂದ:

ಎಲ್ಲರೂ ಹುಳದ ಹಿಂದೆ ಹೋದಿರಿ, ಓಲೆಗರಿಯನ್ನು ಮರೆತೇ ಬಿಟ್ಟಿರಿ. ನಮ್ಮ ಮನೆಯ ಎರಡು ಕಟ್ಟು ನಾನೇ ತೆಗೆದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಗರಿಗೆ 1:1 ಬೇಕಾಗಿಯೇ ಇಲ್ಲ ತಮ್ಮಾ. 1:1ಕ್ಕೆ ಹೋದರೆ ಒಂದು ಗರಿಗೆ ಹದಿನೈದು-ಇಪ್ಪತ್ತು ಫೋಟೋ ಆಗುತ್ತದೆ, ಯಾವಾಗ ಮುಗಿಸುತ್ತೀರಿ? ಒಂದು ಫೋಟೋಕ್ಕೆ ಹತ್ತು ಸೆಂಟಿಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. ಆಗಲೂ ಮಿಲಿಮೀಟರಿಗೆ 60 ಪಿಕ್ಸೆಲ್ ಸಿಗುತ್ತದೆ, ಇಂಚಿಗೆ ಲೆಕ್ಕ ಹಾಕಿದರೆ 1500. ಕಂಠ (ಗರಿಯ ಮೇಲೆ ಗೀರಿ ಬರೆಯುವ ಮೊನೆ) ಎಲ್ಲಿ ಜಾರಿದೆ ಅಂತಲೂ ಕಾಣುತ್ತದೆ. ಕ್ಯಾಮರಾ ಗರಿಯಿಂದ 65 ಸೆಂಟಿಮೀಟರಿನಷ್ಟು ಎತ್ತರದಲ್ಲಿ ನಿಂತರೆ ಆಯ್ತು. ಒಂದಡಿ ಗರಿಯನ್ನು ಒಂದೇ ಸಲಕ್ಕೆ ತೆಗೆಯಲು ಹೋದರೆ 100 ಮಿಲಿಮೀಟರಿನಲ್ಲಿ ಒಂದೂವರೆ ಮೀಟರ್ ಎತ್ತರ ಬೇಕು, ನಾನು ಮೇಜಿನ ಮೇಲೆ ಸ್ಟೂಲ್ ಇಟ್ಟು ಹತ್ತಿ ಅಮ್ಮನ ಹತ್ತಿರ ಬೈಸಿಕೊಂಡಿದ್ದೇನೆ.

ಇಲ್ಲಿ ಪೆರ್ಲದವರ ಮಾತು ತಿರುಗಿಸಿ ಹಾಕಬೇಕು. ಗರಿಗೆ ಮೂಲೆಯೇ ಮುಖ್ಯ, ಕೊನೆಯ ಅಕ್ಷರ ಮಸುಕಾದರೆ ಸಾಲೇ ಹೋಯಿತು. ಹಾಗಾಗಿ ನಿಮ್ಮ ಪರೀಕ್ಷೆಯನ್ನು ಆ 65 ಸೆಂಟಿಮೀಟರ್ ದೂರದಲ್ಲೂ ಒಮ್ಮೆ ಮಾಡಿ, ಬರೀ 1:1ರಲ್ಲಿ ಮಾಡಿ ಬಿಡಬೇಡಿ. ನಾಲ್ಕು ಮೂಲೆಗೆ ನಾಲ್ಕು ನೋಟು. ಕನ್ನಡಿಯಲ್ಲಿ ಸರಿಮಾಡಿದ ಮೇಲೂ ಮೂರು ಸಲ ಅದೇ ಒಂದು ಮೂಲೆ ಮೆದು ಬಂದರೆ ಒಳಗಿನ ಗಾಜು ಸರಿದಿದೆ ಅಂತ ಅರ್ಥ, ಎಲ್ಲೋ ಬಿದ್ದಿರಬಹುದು. ಕಾಸರಗೋಡು ಸೀರೆ ಹಾಸಿಯೂ ನೋಡಬಹುದು, ನಾನು ನೋಡಿದ್ದೇನೆ, ನೂಲು ಚೆನ್ನಾಗಿ ಎಣಿಸಲು ಬರುತ್ತದೆ. ಆದರೆ ಕೆಲವು ದೂರದಲ್ಲಿ ಬಟ್ಟೆಯ ಮೇಲೆ ಕಾಮನಬಿಲ್ಲಿನ ಪಟ್ಟಿ ಬರುತ್ತದೆ. ಅದು ನೇಯ್ಗೆಯೂ ಸೆನ್ಸರಿನ ಪಿಕ್ಸೆಲ್ ಸಾಲೂ ಒಂದಕ್ಕೊಂದು ತಾಗಿ ಆಗುವುದು. ಲೆನ್ಸು ಚೂಪಿದ್ದರೇ ಹಾಗೆ ಬರುವುದು, ಹೆದರಬೇಡಿ.

ಬೆಳಕು ಒಂದೇ ಬದಿಯಿಂದ, ತೀರಾ ತಗ್ಗಿನಲ್ಲಿ ಕೊಡಿ. ಮಸಿ ಹೋದ ಅಕ್ಷರವೂ ಗೀರಿನ ನೆರಳಿನಿಂದ ಎದ್ದು ಬರುತ್ತದೆ. ಎಡದಿಂದ ಒಂದು, ಬಲದಿಂದ ಒಂದು ತೆಗೆಯಿರಿ, ಒಂದರಲ್ಲಿ ಮುಚ್ಚಿದ್ದು ಇನ್ನೊಂದರಲ್ಲಿ ಕಾಣುತ್ತದೆ. ಗರಿ ಬಾಗಿದೆ ಅಂತ ಗಾಜು ಇಟ್ಟು ಒತ್ತಲೇಬೇಡಿ, ಸೀಳುತ್ತದೆ. ಎಫ್/8ರಲ್ಲಿ ಈ ದೂರದಲ್ಲಿ ಏಳು ಮಿಲಿಮೀಟರ್ ಆಳ ಸಿಗುತ್ತದೆ, ಸಣ್ಣ ಬಾಗು ಅದರಲ್ಲೇ ಹಿಡಿಯುತ್ತದೆ. ಅಕ್ಷರ ಕಾಣಲಿ ಅಂತ ಹೊಸ ಮಸಿ, ಎಣ್ಣೆ ಏನನ್ನೂ ಹಚ್ಚಬೇಡಿ. ಪ್ರತಿ ಫೋಟೋದಲ್ಲಿ ಸ್ಕೇಲಿನ ಒಂದು ತುದಿ ಕಾಣಲಿ.

ಬದಿಯಡ್ಕದಿಂದ ಮತ್ತೆ:

ಎಲ್ಲರಿಗೂ ಉಪಕಾರ. ಶನಿವಾರ ರಾತ್ರಿ ಫ್ಯಾನ್ ಆಫ್ ಮಾಡಿ ಬೆವರುತ್ತಾ ಕೂತೆ. ಟಾರ್ಚಿನಲ್ಲಿ ನಾಲ್ಕು ಚುಕ್ಕಿ ಧೂಳು ಬಿಟ್ಟರೆ ಏನಿಲ್ಲ. ಸ್ಕೇಲಿನಲ್ಲಿ 23 ಮಿಲಿಮೀಟರ್ ದಾಟಿ ಅರ್ಧ ಗೆರೆ ಬಂತು, 1:1 ಸರಿ. ನೋಟಿನ ಸಣ್ಣ ಅಕ್ಷರ ಎಫ್/5.6ರಲ್ಲಿ ಓದಲು ಬಂತು, ಮಗಳಿಗೆ ತೋರಿಸಿದರೆ ಅವಳು ಇನ್ನೂ ಬೇರೆ ನೋಟು ತಂದು ಕೊಡುತ್ತಲೇ ಇದ್ದಳು. ಆದರೆ 65 ಸೆಂಟಿಮೀಟರಿನಲ್ಲಿ ಬಲಗಡೆ ಕೆಳಗಿನ ಮೂಲೆ ಮೂರು ಸಲವೂ ಮೆದು. ಕನ್ನಡಿ ಮತ್ತೆ ಇಟ್ಟು ನೋಡಿದೆ, ನೋಟು ಬದಲಿಸಿದೆ, ಅದೇ ಮೂಲೆ. ಎಫ್/2.8ರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ಎಫ್/8ಕ್ಕೆ ಬಂದರೆ ಹುಡುಕಬೇಕು. ಕೊಟ್ಟವರಿಗೆ ಎರಡೂ ಫೋಟೋ ತೋರಿಸಿದೆ. ಒಮ್ಮೆ ಮೋಟಾರ್ ಸೈಕಲಿನಿಂದ ಚೀಲ ಬಿದ್ದದ್ದು ಹೌದು ಅಂತ ಅವರೇ ಹೇಳಿ ಬೆಲೆ ಇಳಿಸಿದರು. ತಗೊಂಡೆ. ಗರಿಯನ್ನು ಎಫ್/8ರಲ್ಲೇ ತೆಗೆಯುವುದು, ಗರಿ ಹೇಗೂ ಉದ್ದಕ್ಕೆ ಸಪೂರ, ಫ್ರೇಮಿನ ನಡುವೆ ಅಡ್ಡಕ್ಕೆ ಇಟ್ಟರೆ ಆ ಮೂಲೆಗೆ ತಾಗುವುದೇ ಇಲ್ಲ.

ಪೆರ್ಲದವರೇ, ಆ ಟ್ಯೂಬು ಎರಡು ದಿನಕ್ಕೆ ಎರವಲು ಸಿಗಬಹುದಾ?

ಪೆರ್ಲದಿಂದ:

ಬರುವ ಆದಿತ್ಯವಾರ ಬೆಳಗ್ಗೆ ಏಳರ ಒಳಗೆ ಬನ್ನಿ. ಗೇರು ಮರದಲ್ಲಿ ಕೆಂಜಿರುವೆಯ ದೊಡ್ಡ ಗೂಡು ಉಂಟು. ಉದ್ದ ಕೈಯ ಅಂಗಿ ಹಾಕಿಕೊಂಡು ಬನ್ನಿ.